ಹುಣ್ಣಿಮೆ ನೋಡಿ ಹೊರಟೆವು: ಕುಮಟಾ–ಗೋಕರ್ಣ ದಂಡೆ ನಡಿಗೆ, ನನ್ನ ಅನುಭವ

ಕಲಬುರಗಿಯಿಂದ ಜನ ಕರೆದುಕೊಂಡು ಹೋಗಿ, ಬೆನ್ನಿಗೆ ಬ್ಯಾಗ್ ಹಾಕಿಸಿ, ಕುಮಟಾದಿಂದ ಗೋಕರ್ಣದವರೆಗೆ ಮೂರು ದಿನ ದಂಡೆಗುಂಟ ನಡೆಸುತ್ತೇನೆ ಅಂದಾಗ ನಮ್ಮ ಟ್ರೆಕ್ಕಿಂಗ್ ಗೆಳೆಯರೇ ನಕ್ಕಿದ್ದರು. ಅದೂ ಹುಣ್ಣಿಮೆ ನೋಡಿ ಹೋಗುತ್ತೇನೆ ಅಂದಿದ್ದಕ್ಕೆ ಬೀದರ್‌ನ ಹಿರಿಯರೊಬ್ಬರು "ಹುಣ್ಣಿಮಿಗಿ ಸಮುದ್ರ ಉಕ್ಕತದ, ತಲಿ ಕೆಟ್ಟದೇನು ನಿಂದು?" ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಹುಣ್ಣಿಮೆ, ಅಮಾವಾಸ್ಯೆಗೆ ಭರತ ಜೋರು. ಆದರೆ ನೀರು ಎಷ್ಟು ಮೇಲೆ ಬರುತ್ತದೋ ಇಳಿತದಲ್ಲಿ ಅಷ್ಟೇ ಕೆಳಗೂ ಹೋಗುತ್ತದೆ. ನನಗೆ ಬೇಕಿದ್ದದ್ದು ಆ ಇಳಿತ.

ಮೊದಲು ಎಲ್ಲರ ಮಾತು ಕೇಳಿ ಅಷ್ಟಮಿ ಹತ್ತಿರ ಹೋಗುತ್ತಿದ್ದೆ. ಸಮುದ್ರ ಶಾಂತ, ಸರಿ. ಆದರೆ ಆಗ ಅಲ್ಲಿ ನೀರು ಇಳಿಯುವುದೇ ನಡುಮಧ್ಯಾಹ್ನದ ಆಸುಪಾಸು. ಬೆಳಿಗ್ಗೆ ತಂಪಿನಲ್ಲಿ ನಡೆಯೋಣ ಅಂದರೆ ಗಟ್ಟಿ ಉಸುಕೆಲ್ಲ ನೀರಿನಡಿ. ಮೇಲಿನ ಸಡಿಲ ಉಸುಕಿನಲ್ಲಿ ಹದಿನಾಲ್ಕು ಕೆಜಿ ಹೊತ್ತು ನಡೆದರೆ ಪಾದ ಪೂರ್ತಿ ಹೂತುಹೋಗುತ್ತದೆ. ಮೇಲೆ ಇಳಿಜಾರು ಬೇರೆ. ಉತ್ತರಕ್ಕೆ ನಡೆಯುವಾಗ ಸಮುದ್ರ ಎಡಕ್ಕೆ, ಹಾಗಾಗಿ ಎಡಗಾಲು ಯಾವಾಗಲೂ ತಗ್ಗಿನಲ್ಲಿ. ಕಡ್ಲೆ ಬೀಚ್ ದಾಟುವಷ್ಟರಲ್ಲಿ ಅರ್ಧ ಜನ ಮೊಣಕಾಲು ಹಿಡಿದು ಕೂತುಬಿಡುತ್ತಿದ್ದರು. ಕಲಬುರಗಿಯಲ್ಲಿ 42 ಡಿಗ್ರಿಗೂ ಜಗ್ಗದವರು ಅಲ್ಲಿ 32ಕ್ಕೆ ಸುಸ್ತು. ಬೆವರು ಆರುವುದೇ ಇಲ್ಲ, ಅದಕ್ಕೆ.

ದಾರಿ ತೋರಿಸಿದ್ದು ಅಘನಾಶಿನಿ ಊರಿನ ಒಬ್ಬ ಅಮ್ಮ. ನದಿ ಸಮುದ್ರ ಸೇರುವ ಅಳಿವೆಯ ಕೆಸರಿನಲ್ಲಿ ಬೆಳಚು, ಅಂದರೆ ತಿನ್ನುವ ಚಿಪ್ಪು, ಆರಿಸುವವರು. "ನಮ್ಗೆ ಗಡಿಯಾರ ಬೇಡ, ತಿಥಿ ಸಾಕು. ಹುಣ್ಣಿಮೆ ಹೊತ್ತಿಗೆ ಬೆಳಿಗ್ಗೆನೇ ನೀರು ಇಳೀತದೆ" ಅಂದರು. ಅಲ್ಲಿಂದ ಪಂಚಾಂಗ ಹಿಡಿದೆ.

ಲೆಕ್ಕ ಇಷ್ಟೇ: ದಿನಕ್ಕೆ ಎರಡು ಭರತ, ಎರಡು ಇಳಿತ, ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡ. ಆ ಕಡೆ ಹುಣ್ಣಿಮೆಯಂದು ಇಳಿತ ಹೆಚ್ಚುಕಡಿಮೆ ಬೆಳಗಿನ ಐದು-ಆರಕ್ಕೆ, ಮತ್ತೆ ಸಂಜೆ. ಚಳಿಗಾಲದಲ್ಲಿ ಆ ಹೊತ್ತಿಗೆ ಇನ್ನೂ ಕತ್ತಲು. ಅದಕ್ಕೆ ಹುಣ್ಣಿಮೆ ಬಿಟ್ಟು ಪಾಡ್ಯದಿಂದ ಹೊರಡುತ್ತೇನೆ. ಪಾಡ್ಯ, ಬಿದಿಗೆ, ತದಿಗೆ. ಬೆಳಕು ಹರಿಯುವಾಗ ನೀರು ಕೆಳಗೆ, ಒಂಬತ್ತರವರೆಗೆ ಸಪಾಟು ಗಟ್ಟಿ ಉಸುಕು. ನಡುವೆ ಭರತದ ಹೊತ್ತು ತೋಟದ ನೆರಳಲ್ಲಿ ನಿದ್ದೆ, ನಾಲ್ಕೂವರೆಗೆ ಮತ್ತೆ ನಡಿಗೆ. ಇದು ಅಂದಾಜು. ಹೊರಡುವ ಮುಂಚೆ ಮೊಬೈಲಿನಲ್ಲಿ ಆ ದಿನದ ಸಮಯ ನೋಡದೆ ಹೆಜ್ಜೆ ಇಡುವುದಿಲ್ಲ. ಸಮುದ್ರಕ್ಕೆ ಚಾಚಿದ ಗುಡ್ಡದ ಮೂತಿ ಬಂದಲ್ಲಿ ಎಷ್ಟೇ ಇಳಿತ ಇರಲಿ ಕೆಳಗಿನ ಪಾಚಿ ಬಂಡೆ ಸುತ್ತುವುದಿಲ್ಲ, ಮೇಲಿನ ದಾರಿಯೇ. ಗೋಕರ್ಣದ ಹತ್ತಿರ ಹಾಫ್ ಮೂನ್ ಬೀಚ್‌ನಿಂದ ಓಂ ಬೀಚ್ ಕಡೆಗಂತೂ ಅದೇ.

ಅಮಾವಾಸ್ಯೆಗೂ ಇದೇ ಲೆಕ್ಕ ಅಲ್ವಾ ಅಂತ ಕೇಳುತ್ತಾರೆ. ಹೌದು. ಆದರೆ ಎಳ್ಳಮಾಸಿಗೆ (ಎಳ್ಳ ಅಮಾವಾಸ್ಯೆ) ನಮ್ಮ ಕಡೆಯವರನ್ನು ಹೊಲ ಬಿಡಿಸಿ ಸಮುದ್ರಕ್ಕೆ ಕರೆದು ನೋಡಿ! ಹೊಲಕ್ಕೆ ಎಡೆ ಚೆಲ್ಲುವ ಚರಗ ಬಿಟ್ಟು ಒಬ್ಬರೂ ಬರುವುದಿಲ್ಲ. ಹಾಗಾಗಿ ಹೊಸ್ತಿಲ ಹುಣ್ಣಿಮೆಯಿಂದ ಭಾರತ ಹುಣ್ಣಿಮೆವರೆಗೆ, ಅಷ್ಟೇ ನನ್ನ ಸೀಸನ್.

ಇನ್ನು ತೂಕ. ಮೊದಲ ಗುಂಪಿಗೆ ಟೆಂಟು, ಗ್ಯಾಸ್ ಒಲೆ, ಪಾತ್ರೆ, ಅಡುಗೆಯವ ಎಲ್ಲಾ ಬಾಡಿಗೆ. ಟೆಂಟ್ ಕೊಟ್ಟ ಅಂಗಡಿಯವ ಮುಂಗಡ ಇವತ್ತಿಗೂ ವಾಪಸ್ ಕೊಟ್ಟಿಲ್ಲ. ತಲೆಗೆ ನಾಲ್ಕೂವರೆ ಸಾವಿರ ತೆಗೆದುಕೊಂಡೂ ಹದಿನೈದು ಸಾವಿರದ ಹತ್ತಿರ ಕೈಯಿಂದ ಹೋಯಿತು. ಆಮೇಲೆ ಒಲೆಯನ್ನೇ ಬಿಟ್ಟೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ (ನಮ್ಮ ಕಡೆ ಚಟ್ನಿಪುಡಿಗೆ ಹಿಂಡಿ ಅನ್ನುತ್ತೇವೆ), ಉಳ್ಳಾಗಡ್ಡಿ, ಶೇಂಗಾ ಹೋಳಿಗೆ, ಒಂದಿಷ್ಟು ಮಾದಲಿ. ರಾತ್ರಿ ಮಾತ್ರ ಊರ ಮನೆಗಳಲ್ಲಿ ದುಡ್ಡು ಕೊಟ್ಟು ಬಿಸಿ ಊಟ, ಅಲ್ಲೇ ಜಗಲಿ ಮೇಲೆ ಮಲಗುವುದು. ಬ್ಯಾಗು ಒಂಬತ್ತು ಕೆಜಿಗೆ ಇಳಿಯಿತು, ಅದರಲ್ಲಿ ಮೂರು ಕೆಜಿ ಬರೀ ನೀರು.

ಆದರೆ ರೊಟ್ಟಿ ನನ್ನನ್ನು ಅಳಿಸಿತು. ನಮ್ಮಲ್ಲಿ ತಿಂಗಳುಗಟ್ಟಲೆ ಕಟಂ ಅನ್ನುವ ರೊಟ್ಟಿ ಕುಮಟಾದ ಗಾಳಿಗೆ ಒಂದೇ ಸಂಜೆಗೆ ಮೆತ್ತಗಾಗಿ ಚಪಾತಿಯಂತಾಯಿತು. ಮೂರನೇ ದಿನ ಬೂಸ್ಟು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದೆ, ಇನ್ನೂ ಬೇಗ ಕೆಟ್ಟಿತು. ಪೇಪರ್ ಸುತ್ತಿದೆ, ಪುಡಿಪುಡಿ. ಶೂ ಡಬ್ಬಿಯಲ್ಲಿ ಬರುವ, ತೇವ ಹೀರುವ ಪುಟ್ಟ ಪೊಟ್ಟಣಗಳನ್ನು ಗೆಳೆಯನ ಚಪ್ಪಲಿ ಅಂಗಡಿಯಿಂದ ತಂದು ಹಾಕಿದೆ. ಕೆಲಸ ಮಾಡಿತು, ಆದರೆ ಒಂದು ಒಡೆದು ಹಿಂಡಿಯಲ್ಲಿ ಬಿತ್ತು, ಇಡೀ ಡಬ್ಬಿ ಚೆಲ್ಲಬೇಕಾಯಿತು. ಹುರಿದ ಅಕ್ಕಿ ಬಟ್ಟೆ ಗಂಟು ಕಟ್ಟಿ ಹಾಕಿದಾಗ ಅರ್ಧ ಗೆದ್ದೆ. ಈಗ ಮೂರನೇ ದಿನ ಪ್ಯಾರಡೈಸ್ ಬೀಚ್‌ನಲ್ಲೂ ರೊಟ್ಟಿ ಮುರಿದರೆ ಸದ್ದು ಬರುತ್ತದೆ. ಬೇಯಿಸುವವರಿಗೆ ಹಂಚಿನ ಮೇಲೆ ಒಂದು ಕೆಲಸ ಜಾಸ್ತಿ ಹೇಳಿದ್ದೇನೆ, ಡಬ್ಬಿಯಲ್ಲೂ ಒಂದು ವಸ್ತು ಇದೆ. ಅವೆರಡು ಮಾತ್ರ ಇಲ್ಲಿ ಬರೆಯಲ್ಲ, ಕ್ಷಮಿಸಿ. ಸುಮ್ನೆ ಸಿಕ್ಕಿದ್ದಲ್ಲ.

ತಯಾರಿಗೆ ಎಲ್ಲರನ್ನೂ ಒಂದು ಭಾನುವಾರ ಚಿಂಚೋಳಿ ಕಡೆ ಚಂದ್ರಂಪಳ್ಳಿ ಡ್ಯಾಮಿಗೆ ಕರೆದೊಯ್ಯುತ್ತೇನೆ. ತೂಕಕ್ಕೆ ಬ್ಯಾಗಿನಲ್ಲಿ ತೊಗರಿಬೇಳೆ. ಎಲ್ಲರ ಮನೆಯಲ್ಲೂ ಇರುತ್ತದೆ, ಕೆಜಿ ಲೆಕ್ಕ ಪಕ್ಕಾ. ಅಲ್ಲಿ ಗುಳ್ಳೆ ಎದ್ದವರಿಗೆ ಹೊಸ ಶೂ ಬೇಡ, ಹಳೆಯ ಸ್ಯಾಂಡಲ್ ಸಾಕು ಅನ್ನುತ್ತೇನೆ. ನಮ್ಮ ಹುಡುಗರ ಇನ್ನೊಂದು ರೋಗ ಅಂದರೆ ಬಾವಿಯಲ್ಲಿ ಈಜು ಕಲಿತ ಧೈರ್ಯ. ಬಾವಿ ನೀರು ಎಳೆಯುವುದಿಲ್ಲ, ಸಮುದ್ರ ಎಳೆಯುತ್ತದೆ. ಮೊಣಕಾಲಿನ ಮೇಲೆ ಇಳಿದವನಿಗೆ ಅಲ್ಲಿಂದಲೇ ಬಸ್ ಟಿಕೆಟ್ ಅಂತ ಮೊದಲೇ ಹೇಳಿರುತ್ತೇನೆ. ಒಬ್ಬನನ್ನು ನಿಜಕ್ಕೂ ಕಳಿಸಿದ್ದೇನೆ.

ಅಘನಾಶಿನಿ ಊರಿನಿಂದ ಅದೇ ಹೆಸರಿನ ನದಿ ದಾಟಿ ಆಚೆಯ ತದಡಿಗೆ ದೋಣಿ. ಬೈಕೂ ಹತ್ತಿಸುತ್ತಾರೆ, ಕತ್ತಲಾದ ಮೇಲೆ ನಂಬಬೇಡಿ. ಅಣೆಕಟ್ಟಿಲ್ಲದೆ ಹರಿಯುವ ನದಿ ಇದು, ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ್ದು 2024ರಲ್ಲಿ ಘೋಷಣೆಯಾಯಿತು. ನಾವು ದಾಟುವ ಹೊತ್ತು ಇಳಿತ ಸಿಕ್ಕರೆ ಕೆಸರಿನ ತುಂಬಾ ಬೆಳಚು ಆರಿಸುವವರು. ಯಾದಗಿರಿಯಿಂದ ಬಂದಿದ್ದ ಕಾಕಾ ಒಬ್ಬರು "ರಾತ್ರಿ ಇದ್ದ ನೀರು ಎಲ್ಲಿ ಹೋತಪಾ?" ಅಂತ ದೋಣಿಯವನನ್ನೇ ಗದರಿಸಿದ್ದರು. ಆ ಊರಲ್ಲಿ ಬೆಳಚಿನ ಸುಕ್ಕಕ್ಕೆ ಖಡಕ್ ರೊಟ್ಟಿ ಹಚ್ಚಿಕೊಂಡು ತಿಂದು ನೋಡಿದೆವು. ಹೇಳಬಾರದು, ಮನೆಯ ಎಣ್ಣೆಗಾಯಿಗಿಂತ ಚೆನ್ನಾಗಿತ್ತು. ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ಬೆಳೆಯುವ ಕಗ್ಗ ಅಕ್ಕಿಯ ಗಂಜಿಯೂ ಸಿಕ್ಕಿತ್ತು. ಹತ್ತಿರದ ಸಾಣಿಕಟ್ಟೆ ಊರಿನ ಉಪ್ಪು ತಂದು ಶೇಂಗಾ ಹಿಂಡಿ ಕುಟ್ಟಿಸಿದೆ. ರುಚಿ ಬಂತು, ಆದರೆ ಹಿಂಡಿ ಬೇಗ ನೀರೊಡೆಯಿತು. ಕೈಬಿಟ್ಟೆ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಈಗ ತಲೆಗೆ 3,800 ತೆಗೆದುಕೊಳ್ಳುತ್ತೇನೆ. ಹುಬ್ಬಳ್ಳಿ ಮೇಲೆ ಹೋಗಿ ಬರುವ ಬಸ್ಸಿಗೇ 1,600ರ ಆಸುಪಾಸು. ಎರಡು ರಾತ್ರಿ ಊಟ, ಜಗಲಿ ಸೇರಿ ಸಾವಿರ. ರೊಟ್ಟಿ ಚೀಲ 150–200. ಜೊತೆಗೆ ನಡೆಯುವ ಅಲ್ಲಿನ ಹುಡುಗನಿಗೆ ದಿನಕ್ಕೆ ಸಾವಿರ, ಅದರಲ್ಲಿ ಚೌಕಾಸಿ ಮಾಡಲ್ಲ. ನನಗೆ ದಾರಿ ಗೊತ್ತಿದ್ದರೂ ಊರಿನವರ ಹತ್ತಿರ ಮಾತಾಡಲು ಅವನೇ ಬೇಕು. ಹತ್ತು-ಹನ್ನೆರಡು ಜನ ಬಂದರೆ ಎಂಟು ಸಾವಿರದ ಹತ್ತಿರ ಉಳಿಯುತ್ತದೆ. ಎಂಟಕ್ಕಿಂತ ಕಡಿಮೆಯಾದರೆ ನನ್ನ ದಿನಗೂಲಿಯೂ ಹುಟ್ಟುವುದಿಲ್ಲ, ಹದಿನಾಲ್ಕು ದಾಟಿದರೆ ಜಗಲಿ ಸಾಲುವುದಿಲ್ಲ.

ತಲೆ ಕೆಟ್ಟದೇನು ಅಂದಿದ್ದ ಬೀದರ್ ಹಿರಿಯರು ಕಳೆದ ಸಲ ಮಗಳ ಜೊತೆ ಬಂದಿದ್ದರು. ಎರಡನೇ ದಿನ ಬೆಳಿಗ್ಗೆ ಗುಂಪಿಗಿಂತ ಮುಂದೆ ನಡೆಯುತ್ತಿದ್ದವರು ಅವರೇ. ಈಗ ಅವರದೇ ಗುಂಪು ಕಟ್ಟುತ್ತಿದ್ದಾರಂತೆ, ಫೋನ್ ಮಾಡಿ ರೊಟ್ಟಿ ಡಬ್ಬಿಯ ಗುಟ್ಟು ಕೇಳಿದರು. ಹುಣ್ಣಿಮೆ ದಿನಾಂಕ ಮಾತ್ರ ಕೊಟ್ಟೆ.