ತಂಡಕ್ಕೆ ಡಿಜಿಟಲ್ ವಿಸಿಟಿಂಗ್ ಕಾರ್ಡ್: ಎರಡು ಮಳೆಗಾಲ ತಡೆದುಕೊಂಡ ನನ್ನ ವ್ಯವಸ್ಥೆ

ಎರಡು ಮಳೆಗಾಲ ಕಳೆದವು, ಸ್ಕ್ಯಾನ್ ಮಾಡಿದರೆ ಹೆಸರು, ನಂಬರಿನ ಪುಟ ತೆರೆಯುವ ನಮ್ಮ ತಂಡದ ಈಗಿನ ಕಾರ್ಡುಗಳಲ್ಲಿ ಒಂದೂ ಕೈಕೊಟ್ಟಿಲ್ಲ. ಈ ಕೆಲಸಕ್ಕೆ ಕೈಹಾಕಿದಾಗ ಪಾಲುದಾರರಾದ ನನ್ನ ಸೋದರಮಾವ, "ಕಾಫಿ ಕುಯ್ಯುವ ಹೊತ್ತಿನಲ್ಲಿ ಫೋನು ಉಜ್ಜುತ್ತಾ ಕೂರಬೇಡ, ಸಾವಿರ ಕಾರ್ಡು ಪ್ರಿಂಟ್ ಹಾಕಿಸಿಕೊಂಡು ಬಾ" ಎಂದಿದ್ದರು. ಲೆಕ್ಕ ಬರೆಯುವವರಿಗೆ ಚಂದಾ ಹಣದ ಪಟ್ಟಿ ನೋಡಿಯೇ ಬೇಸರ ಬಂದಿತ್ತು. ಮಡಿಕೇರಿಯಲ್ಲಿ ಇದೇ ವ್ಯವಹಾರದಲ್ಲಿರುವ ಇಬ್ಬರು ಗೆಳೆಯರು, ತಾವು ಮಾಡಿ ಬಿಟ್ಟಾಗಿದೆ, ಕೊಡಗಿಗೆ ಇದು ಆಗಿಬರುವುದಿಲ್ಲ ಎಂದಿದ್ದರು. ಅವರಲ್ಲೊಬ್ಬರು ಈಗ ನಾವು ಮಾಡಿಸಿದ ಪ್ರೆಸ್ಸಿನಲ್ಲೇ ತಮ್ಮವರಿಗೂ ಕಾರ್ಡು ಮಾಡಿಸುತ್ತಿದ್ದಾರೆ.

ನಮ್ಮದು ಇಪ್ಪತ್ತು ಚಿಲ್ಲರೆ ಜನರ ತಂಡ. ಕೆಲವು ಹೋಂಸ್ಟೇಗಳ ಬುಕಿಂಗ್ ಒಂದು ಕಡೆ, ಹುರಿದ ಕಾಫಿ ಮತ್ತು ಕಾಳುಮೆಣಸಿನ ಮಾರಾಟ ಇನ್ನೊಂದು ಕಡೆ. ಮಾರಾಟದ ಹುಡುಗರು ಬೆಂಗಳೂರಿನಲ್ಲಿರುತ್ತಾರೆ, ಕಚೇರಿ ಮಡಿಕೇರಿಯಲ್ಲಿ, ಉಸ್ತುವಾರಿಗಳೂ ಜೀಪ್ ಚಾಲಕರೂ ನಾಪೋಕ್ಲು, ಭಾಗಮಂಡಲ, ಸೋಮವಾರಪೇಟೆಯ ಕಡೆ ಚದುರಿದ್ದಾರೆ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ವಿಶ್ವ ಕಾಫಿ ಸಮ್ಮೇಳನ ನಡೆಯಿತಲ್ಲ, ಅಲ್ಲಿಗೆ ಹೋಗಿದ್ದ ನಮ್ಮವರ ಜೇಬಿನ ಕಾಗದದ ಕಾರ್ಡು ಎರಡನೇ ದಿನಕ್ಕೇ ಮುಗಿಯಿತು. ಹಂಚಿದವುಗಳಲ್ಲೂ ಸುಮಾರು ಕಾರ್ಡುಗಳ ಮೇಲೆ ಕೆಲಸ ಬಿಟ್ಟು ಹೋದವರ ನಂಬರಿತ್ತು. ಕಾರ್ಡೊಂದಕ್ಕೆ ಒಂದೂವರೆ ರೂಪಾಯಿಯೋ ಎರಡೋ ಬಿದ್ದಿರಬಹುದು, ಆ ದುಡ್ಡು ದೊಡ್ಡದಲ್ಲ. ಆ ನಂಬರಿಗೆ ಕರೆ ಮಾಡಿ ಸುಮ್ಮನಾದ ಗಿರಾಕಿ ನಮಗೆ ಮತ್ತೆ ಸಿಗುವುದಿಲ್ಲ, ನನ್ನ ಹೊಟ್ಟೆಗೆ ಬೆಂಕಿ ಬಿದ್ದದ್ದು ಅದಕ್ಕೆ.

ಹಾಯ್‌ಹೆಲೋ, ಬ್ಲಿಂಕ್‌ನಂಥವು ಡಿಜಿಟಲ್ ಕಾರ್ಡು ಮಾಡುವ ಆ್ಯಪ್‌ಗಳು, ಒಬ್ಬರೇ ಬಳಸುವುದಾದರೆ ಉಚಿತವಾಗಿಯೇ ಸಿಗುತ್ತವೆ, ಚೆನ್ನಾಗಿಯೂ ಇವೆ. ಕಷ್ಟ ಶುರುವಾಗುವುದು ತಂಡದ ಯೋಜನೆಗೆ ಹೋದಾಗ. ತಲೆಗಿಷ್ಟು ಎಂದು ತಿಂಗಳ ಲೆಕ್ಕ, ವರ್ಷದ ಹಣ ಮೊದಲೇ, ಸ್ವಂತ ಡೊಮೈನ್ (ನಮ್ಮದೇ ಹೆಸರಿನ ವೆಬ್ ವಿಳಾಸ) ಬೇಕೆಂದರೆ ಅದು ಮೇಲಿನ ಯೋಜನೆಯಲ್ಲಿ. ನಾನು ಡೆಮೊ ನೋಡಿದ ಕಡೆಯೆಲ್ಲ ಮಾರಾಟದವರು ಕಾರ್ಡಿನ ಬಣ್ಣ, ವಿಡಿಯೊ, ಲಿಂಕ್ಡ್‌ಇನ್ ಬಟನ್ ತೋರಿಸಿದರು. ನನ್ನ ಮೊದಲ ಪ್ರಶ್ನೆ ಬೇರೆಯಿತ್ತು: ಇಮೇಲ್ ಇಲ್ಲದವನಿಗೂ ಕಾರ್ಡು ಮಾಡಬಹುದೇ? ಜೀಪ್ ಚಾಲಕನಿಗೆ ಇಮೇಲ್ ಇರುತ್ತದೆ, ಫೋನು ಕೊಂಡ ದಿನ ಅಂಗಡಿಯವನು ಮಾಡಿಕೊಟ್ಟದ್ದು. ಅದರ ಪಾಸ್‌ವರ್ಡ್ ಆ ಅಂಗಡಿಯವನಿಗೂ ನೆನಪಿರುವುದಿಲ್ಲ. ಪ್ರತಿಯೊಬ್ಬರೂ ಇಮೇಲ್‌ನಿಂದ ಲಾಗಿನ್ ಆಗಿಯೇ ತೀರಬೇಕು ಎಂದ ಪ್ಲಾಟ್‌ಫಾರ್ಮ್‌ಗಳನ್ನು ಅಲ್ಲಿಗೇ ಕೈಬಿಟ್ಟೆ. ಅರ್ಧ ಪಟ್ಟಿ ಹೀಗೆಯೇ ಕರಗಿತು.

ಉಳಿದವುಗಳಲ್ಲಿ ಮೊದಲು ಹಿಡಿದದ್ದು ನಮ್ಮ ದೇಶದ್ದೇ ಒಂದು ಸಣ್ಣ ಕಂಪನಿ. ಒಂದು ಸಲ ಹಣ ಕಟ್ಟಿದರೆ ಜೀವನಪರ್ಯಂತ ಎಂಬ ಮಾತು. ಎನ್‌ಎಫ್‌ಸಿ (ಫೋನಿಗೆ ತಾಗಿಸಿದರೆ ಓದುವ ಚಿಪ್) ಇರುವ ಕಾರ್ಡೊಂದಕ್ಕೆ ಆರುನೂರು ರೂಪಾಯಿಯ ಆಸುಪಾಸು, ಎಲ್ಲ ಸೇರಿ ಹದಿಮೂರು ಸಾವಿರಕ್ಕೆ ಬಂದಿರಬೇಕು. ಕಾರ್ಡು ಚಂದವಿತ್ತು, ಕೆಲಸವನ್ನೂ ಮಾಡಿತು. ವರ್ಷ ತುಂಬುವ ಮೊದಲೇ ಅವರ ಡೊಮೈನ್ ಸತ್ತಿತು, ಫೋನು ಎತ್ತುವವರಿಲ್ಲ. ಕ್ಯೂಆರ್ ಅವರ ವಿಳಾಸಕ್ಕೆ, ಚಿಪ್ಪಿನಲ್ಲಿ ಬರೆದದ್ದೂ ಅವರ ವಿಳಾಸ, ಚಿಪ್ ಲಾಕ್ ಮಾಡಿಯೇ ಕಳಿಸಿದ್ದರು. ಇಪ್ಪತ್ತು ಚಿಲ್ಲರೆ ಪ್ಲಾಸ್ಟಿಕ್ ತುಂಡುಗಳು ಈಗಲೂ ಕಚೇರಿಯ ಡ್ರಾಯರ್‌ನಲ್ಲಿವೆ.

ಆಮೇಲೆ ವಿದೇಶಿ ಪ್ಲಾಟ್‌ಫಾರ್ಮ್ ಒಂದನ್ನು ತೆಗೆದುಕೊಂಡೆವು. ತಲೆಗೆ ತಿಂಗಳಿಗೆ ಐದು ಡಾಲರ್‌ನಷ್ಟು, ಅಂದರೆ ವರ್ಷಕ್ಕೆ ಲಕ್ಷ ದಾಟುವ ಖರ್ಚು. ಅದರ ಮೇಲೆ ಬ್ಯಾಂಕಿನ ವಿದೇಶಿ ವಿನಿಮಯದ ಶುಲ್ಕ ಬೇರೆ. ಮಾವನವರಿಗೆ ಈ ಅಂಕಿ ಹೇಳಿದ ದಿನ ಮನೆಯಲ್ಲಿ ಯಾರೂ ನೆಮ್ಮದಿಯಿಂದ ಊಟ ಮಾಡಲಿಲ್ಲ. ಅರ್ಧ ತಂಡಕ್ಕೆ ಮಾತ್ರ, ತಿಂಗಳ ಲೆಕ್ಕದಲ್ಲಿ ಕೊಡಿಸಿದೆ. ಸಾಮಾನು ಗಟ್ಟಿಯಾಗಿತ್ತು, ಅದನ್ನು ಒಪ್ಪುತ್ತೇನೆ. ಆದರೆ ಬ್ಯಾಂಕಿನ ಕಾರ್ಡಿನಿಂದ ತಾನಾಗಿಯೇ ಹಣ ಕಡಿತವಾಗುವುದಕ್ಕೆ ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರ್‌ನಿಂದ ಹೆಚ್ಚುವರಿ ದೃಢೀಕರಣ ಕಡ್ಡಾಯ ಮಾಡಿದೆಯಲ್ಲ, ಆ ಕಂಪನಿಯ ಪಾವತಿ ವ್ಯವಸ್ಥೆ ಅದಕ್ಕೆ ಹೊಂದಿಕೊಂಡೇ ಇರಲಿಲ್ಲ. ಒಂದು ತಿಂಗಳ ಕಂತು ತಿರಸ್ಕೃತವಾಯಿತು. ಎಚ್ಚರಿಕೆಯ ಇಮೇಲ್ ಬಂದು ಕೆಲವೇ ದಿನಕ್ಕೆ ಕಾರ್ಡುಗಳೆಲ್ಲ "ಈ ಪುಟ ಸಕ್ರಿಯವಾಗಿಲ್ಲ" ಎಂದು ಇಂಗ್ಲಿಷಿನಲ್ಲಿ ತೋರಿಸತೊಡಗಿದವು. ಅದು ಡಿಸೆಂಬರ್ ಕೊನೆಯ ವಾರ. ರಾಜಾಸೀಟಿನ ಕಡೆಗೆ ಕಾರು ಹತ್ತುವುದಕ್ಕೆ ಜಾಗವಿಲ್ಲದಷ್ಟು ಜನ ಬರುವ ವಾರದಲ್ಲಿ ನಮ್ಮ ಕಾರ್ಡು ಸತ್ತಿತ್ತು.

ಈ ಎರಡು ಪೆಟ್ಟುಗಳಿಂದ ನನ್ನ ಲೆಕ್ಕ ಗಟ್ಟಿಯಾಯಿತು. ಕಾರ್ಡಿನ ಮೇಲೆ ಅಚ್ಚಾಗುವ ವಿಳಾಸ ನಮ್ಮದೇ ಡೊಮೈನ್ ಆಗಿರಬೇಕು. ಪ್ಲಾಟ್‌ಫಾರ್ಮ್ ಅದರ ಹಿಂದೆ ಬಾಡಿಗೆದಾರನಂತೆ ಇರಲಿ, ಬಾಡಿಗೆ ಸರಿಹೋಗದಿದ್ದರೆ ಖಾಲಿ ಮಾಡಿಸೋಣ. ಡೊಮೈನ್‌ಗೆ ನಮಗೆ ವರ್ಷಕ್ಕೆ ಸಾವಿರ ರೂಪಾಯಿ ಮುಟ್ಟಲಿಲ್ಲ. ಪ್ರತಿಯೊಬ್ಬರಿಗೂ ಒಂದು ಪುಟ್ಟ ವಿಳಾಸ ಕೊಟ್ಟು, ಅಲ್ಲಿಂದ ಪ್ಲಾಟ್‌ಫಾರ್ಮ್‌ನ ಪುಟಕ್ಕೆ ರೀಡೈರೆಕ್ಟ್ ಮಾಡಿದೆ, ಅಂದರೆ ತಾನಾಗಿ ತಿರುಗುವಂತೆ ಮಾಡಿದೆ. ಮೇಲಿನ ಯೋಜನೆಯ "ಸ್ವಂತ ಡೊಮೈನ್" ಸೌಲಭ್ಯಕ್ಕೆ ಹಣ ಕೊಡುವ ಪ್ರಶ್ನೆಯೇ ಬರಲಿಲ್ಲ. ಒಂದು ಮಾತು ಗಮನದಲ್ಲಿರಲಿ: ಹೀಗೆ ತಿರುಗಿಸುವಾಗ 302 (ತಾತ್ಕಾಲಿಕ) ಬಳಸಿ, 301 (ಶಾಶ್ವತ) ಬೇಡ. 301 ಹಾಕಿದರೆ ಬ್ರೌಸರ್ ಹಳೆಯ ದಾರಿಯನ್ನೇ ನೆನಪಿಟ್ಟುಕೊಂಡುಬಿಡುತ್ತದೆ. ನೀವು ಪ್ಲಾಟ್‌ಫಾರ್ಮ್ ಬದಲಿಸಿದರೂ ಹಳೆಯ ಗಿರಾಕಿಯ ಫೋನು ಸತ್ತ ಪುಟಕ್ಕೇ ಹೋಗುತ್ತದೆ. ವಿಳಾಸದಲ್ಲಿ ವ್ಯಕ್ತಿಯ ಹೆಸರನ್ನೂ ಹಾಕಬೇಡಿ. ನಮ್ಮಲ್ಲಿ ವಿಳಾಸಕ್ಕೆ ಇರುವುದು ಹುದ್ದೆಯ ಗುರುತು. ಚಾಲಕ ಬದಲಾದರೆ ಹಿಂದಿನ ಪುಟ ಬದಲಾಗುತ್ತದೆ, ಜೀಪಿನಲ್ಲಿ ಅಂಟಿಸಿದ ಕ್ಯೂಆರ್ ಹಾಗೆಯೇ ಇರುತ್ತದೆ.

ಇನ್ನು ನೆಟ್‌ವರ್ಕ್. ಗೆಳೆಯರು ಸೋತದ್ದು ಇಲ್ಲಿಯೇ. ಕಕ್ಕಡ ತಿಂಗಳ ಮಳೆಯಲ್ಲಿ ಕರೆಂಟು ಹೋಗಿ, ಟವರಿನ ಬ್ಯಾಟರಿ ಮುಗಿದು, ಡೀಸೆಲ್ ತಲುಪದೆ ಇಡೀ ಹೋಬಳಿಯೇ ಕತ್ತಲಾಗುವುದು ನಮಗೆ ಹೊಸದಲ್ಲ. ಅತಿಥಿ ಕ್ಯೂಆರ್ ಸ್ಕ್ಯಾನ್ ಮಾಡುತ್ತಾನೆ, ಪುಟ ತೆರೆಯುವುದಿಲ್ಲ, ಫೋನು ಜೇಬಿಗೆ ಹೋಗುತ್ತದೆ, ಅಲ್ಲಿಗೆ ಮುಗಿಯಿತು. ಅದಕ್ಕೆ ನಾವು ಕಾರ್ಡಿನ ಹಿಂಬದಿಗೆ ಇನ್ನೊಂದು ಕ್ಯೂಆರ್ ಹಾಕಿಸಿದೆವು. ಅದರಲ್ಲಿರುವುದು ಬರೀ ಲಿಂಕ್ ಅಲ್ಲ, ಸಂಪರ್ಕ ವಿವರ ಬರೆಯುವ ಕ್ರಮವಾದ ವಿಕಾರ್ಡ್‌ನ ಅಕ್ಷರಗಳೇ ಇವೆ. ಸಿಗ್ನಲ್ ಇಲ್ಲದಿದ್ದರೂ ಕ್ಯಾಮೆರಾ ಅದನ್ನು ಓದಿ, ಸಂಪರ್ಕಕ್ಕೆ ಸೇರಿಸಲೇ ಎಂದು ಕೇಳುತ್ತದೆ. ಆವೃತ್ತಿ 3.0 ಇರಲಿ. 4.0 ಬಂದದ್ದು 2011ರಲ್ಲಾದರೂ ನಮ್ಮ ಅತಿಥಿಗಳ ಕೈಯಲ್ಲಿರುವ ಎಲ್ಲ ಬಗೆಯ ಫೋನುಗಳಲ್ಲಿ ತಕರಾರಿಲ್ಲದೆ ಓಡಿದ್ದು 3.0.

ಹಿಂಬದಿಯ ಕ್ಯೂಆರ್‌ನಲ್ಲಿ ಜಾಗದ ಕಾಟ ಬಹಳ. ಹೆಚ್ಚು ತುಂಬಿದಷ್ಟೂ ಚುಕ್ಕಿಗಳು ಸಣ್ಣದಾಗುತ್ತವೆ, ಮಂದ ಬೆಳಕಿನಲ್ಲಿ ಹಳೆಯ ಫೋನು ಹಿಡಿಯುವುದೇ ಇಲ್ಲ. ಕನ್ನಡದಲ್ಲಿ ಹೆಸರು ಬರೆಯೋಣ ಎಂದು ನನಗೆ ಬಹಳ ಆಸೆಯಿತ್ತು. ಫೋನುಗಳು ಅಕ್ಷರ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ಒತ್ತಕ್ಷರ, ಗುಣಿತ ಎಲ್ಲವೂ ಬೇರೆ ಬೇರೆ ಲೆಕ್ಕ. "ಪೊನ್ನಪ್ಪ" ಎಂದು ಇಂಗ್ಲಿಷಿನಲ್ಲಿ ಬರೆದರೆ 8 ಬೈಟ್, ಕನ್ನಡದಲ್ಲಿ 24. ಹಾಗಾಗಿ ಹಿಂಬದಿಯಲ್ಲಿ ಇಂಗ್ಲಿಷ್ ಅಕ್ಷರ, ತೆರೆಯುವ ಪುಟದಲ್ಲಿ ಎರಡೂ ಲಿಪಿ. ಫೋಟೊ, ಅಂಚೆ ವಿಳಾಸ, ಫೇಸ್‌ಬುಕ್ ಎಲ್ಲವನ್ನೂ ತೆಗೆದು ಹೆಸರು, ಸಂಸ್ಥೆ, +91 ಸಮೇತ ಫೋನ್ ನಂಬರು, ನಮ್ಮ ಪುಟ್ಟ ವಿಳಾಸ, ಇಷ್ಟನ್ನೇ ಉಳಿಸಿದೆ.

ಹೆಸರಿನ ವಿಷಯ ಕೊಡಗಿನವರಿಗೆ ಮಾತ್ರ ಅರ್ಥವಾಗುವಂಥದು. ಬೋಪಣ್ಣ, ಪೊನ್ನಪ್ಪ, ಮುತ್ತಣ್ಣ ಎಂದರೆ ಊರಿಗೆ ಹತ್ತು ಜನ. ಮನೆತನದ ಹೆಸರು ಮುಂದೆ ಬಂದರೆ ಮಾತ್ರ ಆಸಾಮಿ ಯಾರೆಂದು ತಿಳಿಯುತ್ತದೆ. ಪ್ಲಾಟ್‌ಫಾರ್ಮ್‌ಗಳಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಖಾನೆ. ಮನೆತನವನ್ನು ಕೊನೆಯ ಖಾನೆಗೆ ಹಾಕಿದರೆ ಫೋನಿನಲ್ಲಿ ಹೆಸರು ಹಿಂದುಮುಂದಾಗಿ ಬರುತ್ತದೆ. ನಮ್ಮ ಉಸ್ತುವಾರಿಯೊಬ್ಬರು ಅದನ್ನು ನೋಡಿ, "ಇದು ನನ್ನ ಹೆಸರೇ ಅಲ್ಲ" ಎಂದು ಕಾರ್ಡು ತಿರುಗಿಸಿ ಮೇಜಿನ ಮೇಲಿಟ್ಟರು. ಅವರ ಮಾತು ನೂರಕ್ಕೆ ನೂರು ಸರಿ. ಮನೆತನ, ಹೆಸರು ಎರಡನ್ನೂ ಮೊದಲ ಖಾನೆಯಲ್ಲೇ ತುಂಬಿಸಿ ಕೊನೆಯದನ್ನು ಖಾಲಿ ಬಿಟ್ಟೆ. ಖಾಲಿ ಬಿಡಲು ಒಪ್ಪದ ಒಂದು ಪ್ಲಾಟ್‌ಫಾರ್ಮ್ ಅಷ್ಟಕ್ಕೇ ಪಟ್ಟಿಯಿಂದ ಹೊರಗೆ ಹೋಯಿತು. ಹೆಸರಿನ ಪಕ್ಕದಲ್ಲಿ ನಾವು ಇನ್ನೊಂದು ಸಣ್ಣ ಪದ ಸೇರಿಸುತ್ತೇವೆ. ಆರು ತಿಂಗಳ ನಂತರ ಅತಿಥಿ ತನ್ನ ಫೋನಿನಲ್ಲಿ ಹುಡುಕಿದರೂ ನಮ್ಮವರೇ ಮೊದಲು ಸಿಗುತ್ತಾರೆ. ಆ ಪದ ಯಾವುದೆಂದು ಇಲ್ಲಿ ಬರೆಯುವುದಿಲ್ಲ.

ಎನ್‌ಎಫ್‌ಸಿ ಬೇಕೇ ಎಂದು ಬಹಳ ಜನ ಕೇಳುತ್ತಾರೆ. ಐಫೋನ್‌ನಲ್ಲಿ ಎಕ್ಸ್‌ಎಸ್, ಎಕ್ಸ್‌ಆರ್‌ನಿಂದೀಚೆಗೆ ಆ್ಯಪ್ ಇಲ್ಲದೆಯೇ ಓದುತ್ತದೆ. ಆಂಡ್ರಾಯ್ಡ್‌ನ ಅಗ್ಗದ ಫೋನುಗಳಲ್ಲಿ ಬಹುಪಾಲಿಗೆ ಅದೇ ಇಲ್ಲ. ಬೆಂಗಳೂರಿನಲ್ಲಿ ಕಾಫಿ ಕೊಳ್ಳುವ ಕಡೆಗಳಲ್ಲಿ ಕಾರ್ಡು ತಾಗಿಸಿದರೆ ಮೆಚ್ಚುತ್ತಾರೆ, ಹೋಂಸ್ಟೇ ಅತಿಥಿಗಳಿಗೆ ಕ್ಯೂಆರ್ ಸಾಕು. ಯುಪಿಐ ಬಂದ ಮೇಲೆ ಸ್ಕ್ಯಾನ್ ಮಾಡುವುದನ್ನು ಯಾರಿಗೂ ಕಲಿಸಬೇಕಾಗಿಲ್ಲ. ಹಾಗಾಗಿ ಮಾರಾಟದವರಿಗೂ ಕಚೇರಿಯವರಿಗೂ ಮಾತ್ರ ಚಿಪ್ ಇರುವ ಕಾರ್ಡು. ಎನ್‌ಟ್ಯಾಗ್ 213 ಚಿಪ್ಪಿನಲ್ಲಿ 144 ಬೈಟ್ ಜಾಗ, ಪುಟ್ಟ ವಿಳಾಸಕ್ಕೆ ಧಾರಾಳ. 215, 216 ಎಂದು ಹೆಚ್ಚು ಹಣ ಕೊಡುವ ಅಗತ್ಯ ನನಗೆ ಕಾಣಲಿಲ್ಲ. ವಿಳಾಸ ಬರೆದ ಮೇಲೆ ಲಾಕ್ ಮಾಡಿ, ಇಲ್ಲದಿದ್ದರೆ ಯಾರು ಬೇಕಾದರೂ ಮೇಲೆ ಬರೆಯಬಹುದು. ಲಾಕ್ ತೆಗೆಯಲಾಗದು ಎಂಬ ಭಯ ವಿಳಾಸ ನಮ್ಮದೇ ಆಗಿದ್ದರೆ ಬೇಕಿಲ್ಲ.

ಚಿಪ್ಪಿನ ಹಿಂದೆ ಬಿದ್ದು ನಾನು ಒಂದಿಷ್ಟು ಪ್ರಯೋಗ ಮಾಡಿದೆ. ಜೀಪಿನ ಡ್ಯಾಶ್‌ಬೋರ್ಡಿನ ಲೋಹದ ಪಟ್ಟಿಗೆ ಸಾಮಾನ್ಯ ಸ್ಟಿಕ್ಕರ್ ಅಂಟಿಸಿದರೆ ಫೋನು ಓದುವುದೇ ಇಲ್ಲ, ಲೋಹ ಸಂಕೇತವನ್ನು ನುಂಗಿಬಿಡುತ್ತದೆ. ಫೆರೈಟ್ ಪದರವಿರುವ ಸ್ಟಿಕ್ಕರ್ ತರಿಸಿದ ಮೇಲೆ ಓದಿತು, ಬೆಲೆ ಮೂರು ಪಟ್ಟು. ತೋಟದಲ್ಲಿ ಕಿತ್ತುಹಾಕಿದ ಹಳೆಯ ಕಾಫಿ ಗಿಡದ ಬೊಡ್ಡೆಯನ್ನು ಬಿಲ್ಲೆಯಾಗಿ ಕೊಯ್ಸಿ, ಹಿಂಬದಿಯಲ್ಲಿ ಚಿಪ್ ಕೂರಿಸಿ ಹೋಂಸ್ಟೇ ಊಟದ ಮೇಜಿನ ಮೇಲೆ ಇಟ್ಟೆವು. ನೋಡಿದವರೆಲ್ಲ ಕೈಗೆತ್ತಿಕೊಳ್ಳುತ್ತಾರೆ. ಮಳೆಗಾಲದಲ್ಲಿ ಮರ ನೀರು ಹೀರಿ ಅಂಚಿನಲ್ಲಿ ಬೂಷ್ಟು ಹಿಡಿಯಿತು, ಸೀಳಿತು. ಎಣ್ಣೆ ಸವರಿ ಈಗ ಇನ್ನೊಂದು ಕಂತು ಒಣಗಿಸುತ್ತಿದ್ದೇವೆ.

ಅಚ್ಚು ಹಾಕಿಸುವಾಗ ಗೋಣಿಕೊಪ್ಪದ ಪ್ರೆಸ್ಸಿನವರು, "ಸರ್, ನಿಮ್ಮ ಕಾಫಿ ಬಣ್ಣದಲ್ಲೇ ಕ್ಯೂಆರ್ ಮಾಡೋಣ, ಪ್ಯಾಕೆಟ್ಟಿನ ಮೇಲೆ ಒಪ್ಪುತ್ತದೆ" ಎಂದರು. ಕಂದು ಕಾಗದದ ಮೇಲೆ ಕಂದು ಕ್ಯೂಆರ್ ನೋಡಲು ಸೊಗಸು, ಸ್ಕ್ಯಾನ್ ಆಗುವುದು ಅದೃಷ್ಟ. ಬಿಳಿ ಚೌಕದೊಳಗೆ ಕಪ್ಪು, ಸುತ್ತ ನಾಲ್ಕು ಚುಕ್ಕಿಯಷ್ಟು ಅಂಚು, ಅಗಲ ಎರಡು ಸೆಂಟಿಮೀಟರ್‌ಗೆ ಕಡಿಮೆ ಬೇಡ. ನಡುವೆ ಲಾಂಛನ ಬೇಕೆಂದು ಹಟ ಹಿಡಿದರೆ ದೋಷ ತಿದ್ದುವ ಮಟ್ಟವನ್ನು ಎಲ್ಲಕ್ಕಿಂತ ಮೇಲಿನ ಎಚ್‌ಗೆ ಏರಿಸಬೇಕು, ಆಗ ಚುಕ್ಕಿಗಳು ಇನ್ನೂ ಒತ್ತೊತ್ತಾಗುತ್ತವೆ. ನಾವು ಲಾಂಛನವನ್ನು ಪಕ್ಕಕ್ಕೆ ಸರಿಸಿದೆವು. ಹೊಳೆಯುವ ಲ್ಯಾಮಿನೇಷನ್ ಬಿಟ್ಟು ಮ್ಯಾಟ್ ಹಾಕಿಸಿ. ಟ್ಯೂಬ್‌ಲೈಟಿನ ಕೆಳಗೆ ಕಾರ್ಡು ಹಿಡಿದರೆ ಹೊಳಪಿನ ಗೆರೆ ಸರಿಯಾಗಿ ಕ್ಯೂಆರ್ ಮೇಲೆಯೇ ಬೀಳುತ್ತದೆ.

ಕೊನೆಗೆ ಉಳಿದ ಪ್ಲಾಟ್‌ಫಾರ್ಮ್ ಭಾರತದ್ದೇ. ರೂಪಾಯಿಯಲ್ಲಿ ಬಿಲ್ಲು ಕೊಡುತ್ತಾರೆ, ಜಿಎಸ್‌ಟಿ ನಂಬರು ಇರುವುದರಿಂದ ಲೆಕ್ಕದವರಿಗೂ ನೆಮ್ಮದಿ. ಒಬ್ಬನೇ ಅಡ್ಮಿನ್ ಎಲ್ಲರ ಕಾರ್ಡನ್ನೂ ತಿದ್ದಬಹುದು, ಸಿಎಸ್‌ವಿ (ಎಲ್ಲರ ವಿವರದ ಪಟ್ಟಿಯ ಫೈಲು) ಇಳಿಸಿಕೊಳ್ಳಲು ಬೇರೆ ಹಣವಿಲ್ಲ. ಪುಟದ ಮೇಲ್ಭಾಗದಲ್ಲಿ ವಾಟ್ಸ್‌ಆ್ಯಪ್ ಮತ್ತು ಕರೆ, ಇಮೇಲ್ ಎಲ್ಲೋ ಕೆಳಗೆ. ಸ್ಕ್ಯಾನ್ ಮಾಡಿದವರ ಹೆಸರು, ನಂಬರು ಕೇಳುವ ಫಾರಂ ಮೊದಲೇ ಚಾಲೂ ಇರುತ್ತದೆ, ಅದನ್ನು ಮುಚ್ಚಿಸಿದೆ. ನಂಬರು ಕೊಟ್ಟು ನಂಬರು ಪಡೆಯಬೇಕಾದ ಕರ್ಮ ಅತಿಥಿಗೆ ಯಾಕೆ? 2023ರ ವೈಯಕ್ತಿಕ ದತ್ತಾಂಶ ಕಾಯ್ದೆಯ ಪ್ರಕಾರ ಒಪ್ಪಿಗೆ ಪಡೆದು, ಆ ಮಾಹಿತಿಯನ್ನು ಕಾಪಾಡಿಕೊಳ್ಳುವ ಹೊಣೆಯೂ ನಮ್ಮ ಮೇಲೆಯೇ ಬರುತ್ತದೆ. ಎಷ್ಟು ಜನ ನೋಡಿದರು ಎಂಬ ಅಂಕಿಯನ್ನೂ ನಾನು ಪೂರ್ತಿ ನಂಬುವುದಿಲ್ಲ. ಲಿಂಕನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚಿದಾಗ ಮುನ್ನೋಟ ಹುಡುಕಿ ಬರುವ ಯಂತ್ರವೂ ಅದರಲ್ಲಿ ಎಣಿಕೆಯಾಗಿಬಿಡಬಹುದು. ಬುಕಿಂಗ್ ಪುಸ್ತಕದಲ್ಲಿ "ಕಾರ್ಡಿನಿಂದ" ಎಂದು ಒಂದು ಕಲಂ ಹಾಕಿಸಿದ್ದೇನೆ. ಕಳೆದ ಚಳಿಗಾಲದಲ್ಲಿ ಹತ್ತರಲ್ಲಿ ಎರಡು ಬುಕಿಂಗ್ ಆ ಕಲಂನಲ್ಲಿ ಬಿದ್ದವು.

ಖರ್ಚು ನೆನಪಿನಿಂದ ಹೇಳುತ್ತೇನೆ. ಪ್ಲಾಟ್‌ಫಾರ್ಮ್‌ಗೆ ವರ್ಷಕ್ಕೆ ಹದಿನಾರು ಹದಿನೇಳು ಸಾವಿರ, ಚಿಪ್ ಕಾರ್ಡು ಅಚ್ಚು ಸಮೇತ ತಲಾ ಮುನ್ನೂರರ ಒಳಗೆ, ಉಳಿದವರ ಲ್ಯಾಮಿನೇಟೆಡ್ ಕಾರ್ಡು ಮೂವತ್ತು ನಲವತ್ತು ರೂಪಾಯಿ. ಡೊಮೈನ್, ಸ್ಟಿಕ್ಕರ್ ಎಲ್ಲ ಸೇರಿ ಮೊದಲ ವರ್ಷ ಇಪ್ಪತ್ತೈದು ಸಾವಿರದ ಒಳಗೇ ನಿಂತಿತು. ವಿದೇಶಿ ಲೆಕ್ಕದಲ್ಲಿ ಇಡೀ ತಂಡಕ್ಕೆ ಲಕ್ಷ ದಾಟುತ್ತಿತ್ತು. ಪ್ರತಿ ಸಲ ದೃಢೀಕರಣವಿಲ್ಲದೆ ತಾನಾಗಿ ಕಡಿತವಾಗುವ ಹದಿನೈದು ಸಾವಿರದ ಮಿತಿಯನ್ನು ವರ್ಷದ ಮೊತ್ತ ಮೀರುವುದರಿಂದ ನವೀಕರಣದ ಹಣವನ್ನು ನಾನು ಬ್ಯಾಂಕಿನ ಕಾರ್ಡಿನ ಪಾಲಿಗೆ ಬಿಡುವುದಿಲ್ಲ. ನವೆಂಬರ್ ಮೊದಲ ವಾರದಲ್ಲೇ ಬ್ಯಾಂಕ್ ವರ್ಗಾವಣೆ ಮಾಡಿ ರಸೀದಿ ತರಿಸಿಕೊಳ್ಳುತ್ತೇನೆ. ನಡುವೆ ಒಮ್ಮೆ ಪ್ಲಾಟ್‌ಫಾರ್ಮ್ ಬದಲಿಸುವ ನಾಟಕವನ್ನೂ ಆಡಿ ನೋಡಿದ್ದೇನೆ: ಎಲ್ಲ ರೀಡೈರೆಕ್ಟ್‌ಗಳನ್ನು ಇನ್ನೊಂದು ಕಡೆ ತಿರುಗಿಸಿ ವಾಪಸು ತರಲು ಒಂದು ಮಧ್ಯಾಹ್ನ ಸಾಕಾಯಿತು, ಹೊರಗಿನವರಿಗೆ ಗೊತ್ತೂ ಆಗಲಿಲ್ಲ. ಈ ಸಲದ ನವೀಕರಣಕ್ಕೆ ಅವರು ದರ ಏರಿಸುವ ಮಾತಾಡಿದ್ದಾರೆ. ಇನ್ನಿಬ್ಬರಿಂದ ದರಪಟ್ಟಿ ತರಿಸಿಕೊಂಡು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.