ಫುಟ್ಬಾಲ್ ಕ್ಲಬ್ಬಿಗೆ ಮುಂಗಡ ಕೊಡುವ ಮೊದಲು ಮಾಲೀಕನ ಮೇಲಿನ ತೀರ್ಪು ಓದಿ

ಹನ್ನೊಂದು ವರ್ಷ ಇಂಗ್ಲೆಂಡಿನಲ್ಲಿದ್ದು ಶಿವಮೊಗ್ಗಕ್ಕೆ ಮರಳಿದ ಮೇಲೂ, ಅಲ್ಲಿಗೆ ಹೊಸದಾಗಿ ಹೋದ ತೀರ್ಥಹಳ್ಳಿ, ಸಾಗರದ ಕಡೆಯ ಹುಡುಗರು ನನಗೆ ಫೋನು ಮಾಡುತ್ತಿರುತ್ತಾರೆ. ರಾಜ್ಯೋತ್ಸವಕ್ಕೆಂದು ಅಲ್ಲಿನ ಫುಟ್ಬಾಲ್ ಕ್ಲಬ್ಬಿನ ಸಭಾಂಗಣ ಗೊತ್ತು ಮಾಡಿ, ಮುಂಗಡವನ್ನು ಬ್ಯಾಂಕಿನಿಂದ ನೇರವಾಗಿ ಕಳುಹಿಸಿದ್ದೇವೆಂದು ಕಳೆದ ತಿಂಗಳು ಒಬ್ಬ ಹೇಳಿದ. ನಾನೂ ಅದೇ ತಪ್ಪು ಮಾಡಿ 1,800 ಪೌಂಡ್ ಕಳೆದುಕೊಂಡಿದ್ದೆ.

ನಮ್ಮ ಮಲೆನಾಡಿನ ಅಡಿಕೆ ಮಾರಾಟ ಸಹಕಾರ ಸಂಘ ಮಾಮ್ಕೋಸ್‌ನಲ್ಲಿ ಬೆಳೆಗಾರನೇ ಸದಸ್ಯ, ನಿರ್ದೇಶಕರನ್ನು ಆರಿಸುವವನೂ ಅವನೇ. ಇಂಗ್ಲೆಂಡಿನ ಹೆಚ್ಚಿನ ಕ್ಲಬ್ಬುಗಳು ಖಾಸಗಿ ಕಂಪನಿಗಳು; ಮೂರು ತಲೆಮಾರಿನಿಂದ ಪಂದ್ಯ ನೋಡಿದ ಮನೆತನಕ್ಕೂ ಅಲ್ಲಿ ಮತವಿಲ್ಲ. ಮತಾಧಿಕಾರದ ಬಹುಪಾಲು ಸದಸ್ಯರ ಕೈಯಲ್ಲೇ ಇರಬೇಕೆನ್ನುವ ಜರ್ಮನಿಯ 50+1 ನಿಯಮವೇ ನನ್ನ ದೃಷ್ಟಿಯಲ್ಲಿ ಮೇಲು.

ನಾನು ಹಣ ಕಟ್ಟಿದ ಕ್ಲಬ್ಬಿನ ಮಾಲೀಕ ತನ್ನ ಇನ್ನೊಂದು ಕಂಪನಿಯ ಹಣವನ್ನು ಅಕ್ರಮವಾಗಿ ಬೇರೆಡೆ ಸಾಗಿಸಿದ್ದನೆಂದು ಸಿವಿಲ್ ನ್ಯಾಯಾಲಯ ಅಷ್ಟರಲ್ಲಾಗಲೇ ಹೇಳಿತ್ತು. ಪತ್ರಿಕೆಯಲ್ಲಿ ಅದನ್ನು ಓದಿಯೂ, ನಮ್ಮ ಕಾರ್ಯಕ್ರಮಕ್ಕೂ ಅದಕ್ಕೂ ಏನು ಸಂಬಂಧವೆಂದು ಸುಮ್ಮನಾದೆ. ಎರಡೇ ತಿಂಗಳಲ್ಲಿ ಕ್ಲಬ್ಬು ದಿವಾಳಿಯಂಚಿಗೆ ಬಂದು ಆಡಳಿತಾಧಿಕಾರಿಯ ವಶಕ್ಕೆ ಹೋಯಿತು. ಅವರು ಕಳುಹಿಸಿದ ಬಾಕಿ ಪಟ್ಟಿಯಲ್ಲಿ, ಮಾಂಸ ಪೂರೈಸಿದವನಿಗೂ ಆಟಗಾರರ ಬಟ್ಟೆ ಒಗೆದುಕೊಟ್ಟವಳಿಗೂ ನಡುವೆ ನನ್ನ ಹೆಸರಿತ್ತು. ಕ್ಲಬ್ಬುಗಳ ಪಂದ್ಯಾವಳಿ ನಡೆಸುವ ಲೀಗಿನ ನಿಯಮದಂತೆ ಆಟಗಾರರ ಸಂಬಳ ಮತ್ತು ಇತರ ಕ್ಲಬ್ಬುಗಳ ಬಾಕಿ ಪೂರ್ತಿ ಸಂದಾಯವಾಗಬೇಕು. ನಮ್ಮಂಥವರಿಗೆ ಉಳಿದದ್ದರಲ್ಲಿ ಪೌಂಡಿಗೆ ಕೆಲವು ಪೆನ್ನಿ. ಬಟ್ಟೆ ಒಗೆಯುವ ಆ ಹೆಂಗಸಿಗೆ ಆದದ್ದು ಶುದ್ಧ ಅನ್ಯಾಯ.

ಆದ್ದರಿಂದ ನ್ಯಾಯಾಲಯ ಅಪ್ರಾಮಾಣಿಕನೆಂದು ಕಂಡುಕೊಂಡ ಮಾಲೀಕನ ಮೇಲೆ ಕ್ರಮ ಆಗಲೇಬೇಕು, ಅದೂ ಬೇಗ ಆಗಬೇಕು. 2014ರಲ್ಲಿ ಲೀಡ್ಸ್ ಯುನೈಟೆಡ್ ಕೊಳ್ಳಲು ಬಂದ ಮಾಸ್ಸಿಮೊ ಚೆಲ್ಲಿನೊ, ವಿಹಾರ ನೌಕೆಯೊಂದರ ತೆರಿಗೆ ಪ್ರಕರಣದಲ್ಲಿ ಇಟಲಿಯ ನ್ಯಾಯಾಲಯದಿಂದ ತಪ್ಪಿತಸ್ಥನೆನಿಸಿಕೊಂಡಿದ್ದ. ಲೀಗು ತಡೆದಾಗ ಆತ ಮೇಲ್ಮನವಿ ಸಲ್ಲಿಸಿದ; ಆತ ಅಪ್ರಾಮಾಣಿಕನೆಂಬುದು ಇನ್ನೂ ಸಿದ್ಧವಾಗಿಲ್ಲವೆಂಬ ಕಾರಣಕ್ಕೆ ಗೆದ್ದು ಕ್ಲಬ್ಬು ನಡೆಸಿದ. ತೀರ್ಪಿನ ವಿವರವಾದ ಕಾರಣಗಳು ಕೈಗೆ ಬಂದ ಮೇಲೆ, ಡಿಸೆಂಬರಿನಲ್ಲಿ ಲೀಗು ಅವನನ್ನು ಅನರ್ಹಗೊಳಿಸಿತು. ಕ್ಲಬ್ಬು ದಿವಾಳಿಯ ಪ್ರಕ್ರಿಯೆಗೆ ಹೋದರೆ ಲೀಗು 12 ಅಂಕ ಕಡಿತ ಮಾಡುತ್ತದೆ. ಮಾಲೀಕ ಮಾಡಿದ್ದಕ್ಕೆ ಆಟಗಾರರೂ ಊರಿನವರೂ ದಂಡ ತೆರುವ ಈ ಕ್ರಮವನ್ನು ನಾನು ಒಪ್ಪುವುದಿಲ್ಲ. ಮಾಲೀಕನ ಪ್ರಾಮಾಣಿಕತೆಯನ್ನು ಪರಿಶೀಲಿಸುವ ಸ್ವತಂತ್ರ ನಿಯಂತ್ರಕನನ್ನು 2025ರ ಕಾಯಿದೆಯು ಅಲ್ಲಿನ ಅಗ್ರ 5 ಹಂತದ ಕ್ಲಬ್ಬುಗಳಿಗೆ ತಂದಿದೆ. ಆದರೆ ಯಾವ ನಿಯಂತ್ರಕನೂ ನಿಮ್ಮ ಮುಂಗಡವನ್ನು ಕಾಯುವುದಿಲ್ಲ.

ಕ್ಲಬ್ಬಿನ ಕಂಪನಿಯ ಹೆಸರನ್ನು ಅಲ್ಲಿನ ಕಂಪನಿ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್‌ನ ತಾಣದಲ್ಲಿ ಉಚಿತವಾಗಿ ಹುಡುಕಬಹುದು. ಲೆಕ್ಕಪತ್ರ ಸಲ್ಲಿಕೆ ತಡವಾಗಿದೆಯೇ, ಆಸ್ತಿಯನ್ನು ಯಾರಿಗೆ ಅಡವಿಟ್ಟಿದ್ದಾರೆ ಎಂಬುದು ಅಲ್ಲೇ ಸಿಗುತ್ತದೆ. ಅನರ್ಹಗೊಂಡ ನಿರ್ದೇಶಕರ ಪಟ್ಟಿಯೂ ಇದೆ. ಹಣವನ್ನು ಮಾತ್ರ ನಿಮ್ಮ ಹೆಸರಿನ ಕ್ರೆಡಿಟ್ ಕಾರ್ಡಿನಲ್ಲೇ ಕಟ್ಟಿ. ಬೆಲೆ 100 ಪೌಂಡ್ ಮೀರಿ 30,000 ದಾಟದಿದ್ದರೆ, 1974ರ ಗ್ರಾಹಕ ಸಾಲ ಕಾಯಿದೆಯ 75ನೇ ಕಲಮಿನ ಪ್ರಕಾರ ಮಾರಿದವನಿಗಿರುವಷ್ಟೇ ಹೊಣೆ ಕಾರ್ಡ್ ಕೊಟ್ಟ ಬ್ಯಾಂಕಿಗೂ ಇರುತ್ತದೆ. ಒಂದು ಪಾಲನ್ನು ಮಾತ್ರ ಕಾರ್ಡಿನಲ್ಲಿ ಕಟ್ಟಿದ್ದರೂ ಪೂರ್ತಿ ಮೊತ್ತಕ್ಕೆ ಆ ರಕ್ಷಣೆಯುಂಟು. ಫೋನು ಮಾಡಿದ ಹುಡುಗನಿಗೆ ಬಾಕಿ ಕಂತನ್ನು ಅಂದೇ ಕಾರ್ಡಿನಲ್ಲಿ ಕಟ್ಟಿಸಿದೆ.