ಮೋಟರ್ ಬದಲಿಸದೆ ಹಳೇ ಟಾಟಾ 407 ಲಾರಿಯ ವೈಪರ್ ಸರಿಮಾಡಿದ್ದು: ನನ್ನ ಅನುಭವ

ಇಡೀ ಮಳೆಗಾಲ ಚೋರ್ಲಾ ಘಾಟಿನಲ್ಲಿ ಓಡಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಮೊದಲೇ ಬರೆದಿದ್ದರೆ ನಮ್ಮ ಎಪಿಎಂಸಿ ಗೆಳೆಯರು "ತಡಿಯೋ, ಇನ್ನೂ ಶ್ರಾವಣ ಐತಿ" ಅಂತ ನಗುತ್ತಿದ್ದರು. ಈಗ ನಗುವ ಹಾಗಿಲ್ಲ. ನನ್ನ 407ರಲ್ಲಿ ಇರುವುದು ಗಾಡಿ ಜೊತೆ ಬಂದ ಹಳೇ ಮೋಟರೇ. ಸೆಪ್ಟೆಂಬರ್ ಮುಗಿಯುವ ತನಕ ವೈಪರ್ ಒಮ್ಮೆಯೂ ನಡುವೆ ನಿಂತಿಲ್ಲ.

ಗಾಡಿ 2003ರ ಮಾಡೆಲ್. ಬೆಳಗಾವಿಯಲ್ಲಿ ತರಕಾರಿ ತುಂಬಿ ಜಾಂಬೋಟಿ, ಕಣಕುಂಬಿ, ಚೋರ್ಲಾ ಮೇಲಿಂದ ಗೋವಾಕ್ಕೆ ಇಳಿಸುವುದು ನನ್ನ ಕೆಲಸ. ಊರಲ್ಲಿ ಜಿಟಿಜಿಟಿ ಇದ್ದರೆ ಕಣಕುಂಬಿಯಲ್ಲಿ ಮುಂದಿನ ಗಾಡಿಯ ಟೇಲ್ ಲೈಟೂ ಕಾಣುವುದಿಲ್ಲ. ಆ ದಾರಿ ಓಡಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ರೋಗ ಹೀಗಿತ್ತು. ಗ್ಯಾರೇಜಿನಲ್ಲಿ ವೈಪರ್ ಸರಿಯಾಗಿ ಓಡುತ್ತದೆ. ಜಾಂಬೋಟಿ ತನಕವೂ ಪರವಾಗಿಲ್ಲ. ಆಮೇಲೆ ನಿಧಾನ ಆಗುತ್ತದೆ. ಹಾರ್ನ್ ಒತ್ತಿದರೆ ಒಂದು ಕ್ಷಣ ತಡೆದು ಮುಂದೆ ಹೋಗುತ್ತದೆ. ಕೊನೆಗೆ ಗಾಜಿನ ನಡುವೆ ನಿಂತು ಫ್ಯೂಸ್ ಹಾರುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಮತ್ತೆ ಸರಿ! ಮೇಸ್ತ್ರಿಗೆ ತೋರಿಸಿದರೆ ಅವನ ಎದುರು ಚೆನ್ನಾಗಿಯೇ ಓಡುತ್ತದೆ. ನಾವು ಸುಳ್ಳು ಹೇಳಿದಂತೆ ಆಗುತ್ತದೆ, ಅಲ್ವಾ?

ಮೊದಲು ನೋಡಿದ ಎಲೆಕ್ಟ್ರಿಷಿಯನ್ ಮೋಟರ್ ಪ್ಲಗ್ ಕಿತ್ತು ಟೆಸ್ಟ್ ಲ್ಯಾಂಪ್ ಹಿಡಿದ. ಬಲ್ಬು ಉರಿಯಿತು. "ಕರೆಂಟ್ ಬರಾಕತ್ತೈತ್ರೀ, ಮೋಟರ್ ಹೋಗೇತಿ" ಅಂದ. ಗುಜರಿಯಿಂದ ತಂದ ಮೋಟರಿಗೆ ಏಳುನೂರು, ಕೂಲಿ ಮುನ್ನೂರು. ಅದು ಒಂದು ಅಮಾವಾಸ್ಯೆ ದಾಟಲಿಲ್ಲ. ಆಮೇಲೆ ಹೊಸ ಡೂಪ್ಲಿಕೇಟ್ ಮೋಟರ್, ಸುಮಾರು 1,800 ರೂಪಾಯಿ. ಅದರ ಒಳಗಿನ ನೈಲಾನ್ ಗೇರಿನ ಹಲ್ಲು ಒಂದು ಕಡೆ ಪೂರ್ತಿ ಸವೆದು ಬೋಳಾಯಿತು. ನಡುವೆ ನಮ್ಮ ಕ್ಲೀನರ್ ಹುಡುಗ ಫ್ಯೂಸ್ ಜಾಗದಲ್ಲಿ ತಾಮ್ರದ ಎಳೆ ಸುತ್ತಿದ. ಡ್ಯಾಶ್‌ಬೋರ್ಡ್ ಒಳಗಿಂದ ಸುಟ್ಟ ವಾಸನೆ ಬಂತು, ಸದ್ಯ ಬೆಂಕಿ ಹತ್ತಲಿಲ್ಲ. ಒಂದು ರಾತ್ರಿ ಘಾಟಿನ ತಿರುವಿನಲ್ಲಿ ಟೊಮ್ಯಾಟೋ ಲೋಡ್ ಸಮೇತ ಬೆಳಗಾಗುವ ತನಕ ನಿಂತೆ. ಮಾರ್ಕೆಟ್ ತಪ್ಪಿತು, ದಲಾಲಿ ರೇಟ್ ಮುರಿದ. ಎಲ್ಲ ಸೇರಿ ನಾಲ್ಕೈದು ಸಾವಿರ ನೀರಲ್ಲಿ ಹೋಯಿತು.

ಇದಾದ ಮೇಲೆ ನಾನೇ ಬಿಚ್ಚಲು ಕೂತೆ. ಹಳೇ ಮೋಟರ್ ಸೀಟಿನ ಕೆಳಗೇ ಇತ್ತು. ನಮ್ಮ ಮಾವ ಬಂದು ನೋಡಿ, "ತಮ್ಮಾ, ಸತ್ತ ಮೋಟರ್ ಮುಂದ ಇಟ್ಕೊಂಡು ಏನ್ ಪೂಜಿ ಮಾಡ್ತೀಯೇನು?" ಅಂದರು. ಅದಕ್ಕೆ ಬ್ಯಾಟರಿಯಿಂದ ನೇರವಾಗಿ ಎರಡು ವೈರ್ ಕೊಟ್ಟೆ. ಗುಂಯ್ ಅಂತ ತಿರುಗಿತು. ಒಳಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು ಮಾತ್ರ ಸವೆದು ಗಿಡ್ಡ ಆಗಿತ್ತು. ಕಾರ್ಬನ್ ಹೊಸದು ಹಾಕಿ, ಆ ಕಾರ್ಬನ್ ಉಜ್ಜುವ ತಾಮ್ರದ ಭಾಗವನ್ನು (ಕಾಮ್ಯುಟೇಟರ್) ನಯವಾದ ಪಾಲಿಶ್ ಪೇಪರಿನಲ್ಲಿ (ಜೀರೋ ಪೇಪರ್) ಒರೆಸಿ, ಹಳೇ ಗ್ರೀಸ್ ತೆಗೆದು ಹೊಸದು ತುಂಬಿದೆ. ಮೋಟರ್ ಕೆಲಸ ಅಷ್ಟೇ.

ರೋಗ ಇದ್ದದ್ದು ಬೇರೆ ಕಡೆ, ಅದೂ ಎರಡು ಜಾಗದಲ್ಲಿ. ಒಂದನ್ನೇ ಸರಿಮಾಡಿದವರು ಮತ್ತೆ ಘಾಟಿನಲ್ಲಿ ನಿಲ್ಲುತ್ತಾರೆ.

ಮೊದಲನೆಯದು ವೀಲ್ ಬಾಕ್ಸ್, ಅಂದರೆ ವೈಪರ್ ಆರ್ಮಿನ ಬುಡದ ಶಾಫ್ಟ್ ತಿರುಗುವ ಗೂಡು. ಮೋಟರಿನ ಕ್ರ್ಯಾಂಕ್ ನಟ್ ಬಿಚ್ಚಿ, ಲಿಂಕನ್ನು (ಮೋಟರಿನಿಂದ ವೈಪರ್ ಎಳೆಯುವ ಪಟ್ಟಿ) ಕೈಯಿಂದ ಆಡಿಸಿ ನೋಡಿ. ಎರಡು ಬೆರಳಲ್ಲಿ ಆಡಬೇಕು. ನನ್ನ ಗಾಡಿಯದಕ್ಕೆ ಇಡೀ ಅಂಗೈ ಕೊಟ್ಟು ದೂಕಬೇಕಾಯಿತು. ಎಡಗಡೆ ವೀಲ್ ಬಾಕ್ಸಿನ ಶಾಫ್ಟ್ ಹೊರಗೆ ಬರಲು ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಯಬೇಕಾಯಿತು. ಬಂದಾಗ ನೋಡಿದರೆ ಶಾಫ್ಟ್ ಮೇಲೆ ಕಂದು ತುಕ್ಕು, ಬಾಡಿ ಒಳಗೆ ಬಿಳಿ ಪುಡಿ, ಎರಡೂ ಕಲಸಿ ಗಟ್ಟಿ ಲೇಪ. ಶಾಫ್ಟಿನಲ್ಲಿ ಉಗುರು ಸಿಕ್ಕುವಷ್ಟು ಗೆರೆ ಬಿದ್ದಿತ್ತು. ಮೇಲಿನ ವಾಷರ್ ಹತ್ತಿರದಿಂದ ನೀರು ಇಳಿಯುತ್ತದೆ, ತುಕ್ಕು ಹಿಡಿಯುತ್ತದೆ, ತುಕ್ಕು ಉಬ್ಬಿ ಶಾಫ್ಟ್ ಹಿಡಿಯುತ್ತದೆ. ಮೋಟರ್ ಅದನ್ನು ಎಳೆದು ಎಳೆದು ಬಿಸಿಯಾಗುತ್ತದೆ. ಬಿಸಿಯಾದಷ್ಟೂ ಅದರ ಜೋರು ಇಳಿಯುತ್ತದೆ. ಗ್ಯಾರೇಜಿನಲ್ಲಿ ಹತ್ತು ನಿಮಿಷ ಓಡಿಸಿದರೆ ಇದು ಗೊತ್ತೇ ಆಗುವುದಿಲ್ಲ.

ಮೇಲಿಂದ ಎಣ್ಣೆ ಬಿಡುವವರಿದ್ದಾರೆ. ನಾನೂ ಬಿಟ್ಟು ನೋಡಿದೆ. ಎರಡು ದಿನ ಹಗುರ ಆಗುತ್ತದೆ, ಆಮೇಲೆ ಆ ಎಣ್ಣೆ ಗಾಜಿನ ಮೇಲೆ ಇಳಿದು ಬ್ಲೇಡ್ ಅದನ್ನೇ ಹಚ್ಚಿ ಹಚ್ಚಿ ಕೊಡುತ್ತದೆ. ರಾತ್ರಿ ಎದುರು ಗಾಡಿಯ ಲೈಟ್ ಬಿದ್ದರೆ ಏನೂ ಕಾಣುವುದಿಲ್ಲ. ಹೊಸ ವೀಲ್ ಬಾಕ್ಸ್ ಆಗ ಇನ್ನೂರೈವತ್ತಕ್ಕೆ ಸಿಗುತ್ತಿತ್ತು, ಆದರೆ ನನಗೆ ಸಿಕ್ಕದ್ದರಲ್ಲಿ ಮೇಲೆ ಸೀಲೇ ಇರಲಿಲ್ಲ. ಅಂದರೆ ಬರುವ ಜೂನ್‌ಗೆ ಮತ್ತೆ ಅದೇ ಕಥೆ.

ಹಾಗಾಗಿ ಹಳೇ ಎರಡನ್ನೂ ಬೆಳಗಾವಿಯ ಉದ್ಯಮಬಾಗ್ ಕೈಗಾರಿಕಾ ಪ್ರದೇಶದ ಒಬ್ಬ ಟರ್ನರ್ (ಲೇತ್ ಕೆಲಸದವನು) ಹತ್ತಿರ ಒಯ್ದೆ. ಶಾಫ್ಟ್ ಹೊಸದು ಮಾಡಿಸಿ, ಬಾಡಿ ಬೋರ್ ಮಾಡಿಸಿ ಗನ್‌ಮೆಟಲ್ ಬುಷ್ (ಶಾಫ್ಟ್ ತಿರುಗುವ ಲೋಹದ ಕೊಳವೆ) ಕೂರಿಸಲು ಹೇಳಿದೆ. "ಸಿಲಿಂಡರ್ ಮಾಡೋ ಲೇತ್‌ನ್ಯಾಗ ವೈಪರ್ ಬುಷ್ ಮಾಡಸ್ತೀರಲ್ರೀ ಅಣ್ಣಾ" ಅಂತ ಅವನೂ ನಕ್ಕ. ಮೊದಲ ಸಲ ಮಾಡಿದ್ದು ಬಿಗಿಯಾಗಿ ಶಾಫ್ಟ್ ತಿರುಗದಂತೆ ಹಿಡಿಯಿತು. ಬುಷ್ ಒತ್ತಿ ಕೂರಿಸಿದಾಗ ಒಳಗಿನ ತೂತು ಸಣ್ಣಗಾಗುತ್ತದೆ. ಅದಕ್ಕೆ ಕೂರಿಸಿದ ಮೇಲೆ ರೀಮರ್ ಹಾಕಿ ತೂತನ್ನು ಅಳತೆಗೆ ತರಬೇಕು, ಮೊದಲೇ ಹಾಕಿದರೆ ಪ್ರಯೋಜನ ಇಲ್ಲ. ಮೇಲಿನ ತುದಿಗೆ ಸುತ್ತಲೂ ಒಂದು ಗ್ರೂವ್ ಕೊರೆಸಿ ಓ-ರಿಂಗ್ (ನೀರು ತಡೆಯುವ ರಬ್ಬರ್ ಉಂಗುರ) ಹಾಕಿದೆ. ನಮ್ಮೂರಲ್ಲಿ ಹೈಡ್ರಾಲಿಕ್ ಸೀಲ್ ಮಾರುವ ಅಂಗಡಿಗೆ ಬರ ಇಲ್ಲ, ಹತ್ತು ರೂಪಾಯಿಗೆ ಬೇಕಾದ ಸೈಜ್ ಸಿಕ್ಕಿತು. ಟರ್ನರ್ ತಗೊಂಡದ್ದು ಎರಡಕ್ಕೂ ಸೇರಿ ಆರುನೂರರ ಆಸುಪಾಸು. ಲಿಂಕ್ ತುದಿಯ ನೈಲಾನ್ ಬುಷ್ ರೆಡಿಮೇಡೇ ಹಾಕಿದೆ. ಒಳಗೆ ಯಾವ ಗ್ರೀಸಿಗೆ ಏನು ಬೆರೆಸಿದೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ. ಟರ್ನರ್‌ಗೂ ಹೇಳಿಲ್ಲ.

ಮಲ್ಟಿಮೀಟರಿನ 10 ಆಂಪ್ ತೂತಿಗೆ ವೈರ್ ಹಾಕಿ ಸೀರೀಸಿನಲ್ಲಿ ಅಳೆದಿದ್ದೆ. ಮೋಟರ್ ಒಂದೇ ತಿರುಗಿದರೆ ಎರಡು ಆಂಪ್ ಒಳಗೆ. ಹಳೇ ವೀಲ್ ಬಾಕ್ಸ್ ಜೊತೆ ಎಂಟು ದಾಟುತ್ತಿತ್ತು. ಬುಷ್ ಆದ ಮೇಲೆ ಒದ್ದೆ ಗಾಜಿನ ಮೇಲೆ ಮೂರೂವರೆ, ಜಾಸ್ತಿ ಅಂದರೆ ನಾಲ್ಕು. ಈ ಒಂದು ಅಂಕಿ ತೋರಿಸಿದ ಮೇಲೆ ಮಾವ ಪೂಜೆಯ ಮಾತು ಬಿಟ್ಟರು.

ಎರಡನೆಯದು ವೈರಿಂಗ್. ಟೆಸ್ಟ್ ಲ್ಯಾಂಪ್ ನಂಬಬೇಡಿ. ಸಣ್ಣ ಬಲ್ಬು ಎಳೆಯುವ ಕರೆಂಟ್ ಎಷ್ಟು, ಮೋಟರ್ ಎಳೆಯುವುದು ಎಷ್ಟು? ಪ್ಲಗ್ ಕಿತ್ತು ನೋಡಿದರೆ ಮೀಟರಿನಲ್ಲೂ ಪೂರ್ತಿ 12 ತೋರಿಸುತ್ತದೆ. ಪ್ಲಗ್ ಹಾಕಿಟ್ಟು, ಮೋಟರ್ ಓಡುವಾಗಲೇ ಅಳೆಯಬೇಕು. ನಾನು ಗಾಡಿಯನ್ನು ವಾಷಿಂಗ್ ಸೆಂಟರ್‌ಗೆ ಹಚ್ಚಿದೆ. ಹೊರಗಿಂದ ಗಾಜಿನ ಮೇಲೆ ಪೈಪಿನ ನೀರು, ಹೆಡ್‌ಲೈಟ್ ಆನ್, ಇಂಜಿನ್ ಐಡಲ್, ಒಳಗೆ ನನ್ನ ಅಳಿಯ ಮೀಟರ್ ಹಿಡಿದು ಕೂತಿದ್ದ. ಬ್ಯಾಟರಿ ಹತ್ತಿರ ಹದಿಮೂರೂವರೆ ವೋಲ್ಟ್. ಮೋಟರ್ ಹತ್ತಿರ ಒಂಬತ್ತೂವರೆ! ಉಳಿದ ನಾಲ್ಕು ದಾರಿಯಲ್ಲೇ ಹೋಗುತ್ತಿತ್ತು. ಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಮೋಟರ್ ಪ್ಲಸ್‌ಗೆ ಇಟ್ಟರೆ ಸುಮಾರು ಮೂರು. ಬ್ಯಾಟರಿ ಮೈನಸ್‌ನಿಂದ ಮೋಟರ್ ಬಾಡಿಗೆ ಒಂದರ ಹತ್ತಿರ. ಮೂರು ವೋಲ್ಟ್ ತಿನ್ನುತ್ತಿದ್ದದ್ದು ವೈಪರ್ ಆನ್ ಮಾಡುವ ಕಾಂಬಿನೇಷನ್ ಸ್ವಿಚ್ಚಿನ ಸುಟ್ಟ ಪಾಯಿಂಟು ಮತ್ತು ಹಸಿರು ಹಿಡಿದ ಪ್ಲಗ್‌ಗಳು. ಒಂದು ವೋಲ್ಟ್ ಅರ್ತಿಂಗ್.

ಅರ್ತಿಂಗ್ ಸುಲಭ. ಮೋಟರ್ ಬಾಡಿಯಿಂದ ಚಾಸಿಗೆ ಪ್ರತ್ಯೇಕ ವೈರ್ ಎಳೆದು, ಬೋಲ್ಟ್ ಕೆಳಗಿನ ಪೇಂಟ್ ಕೆರೆದು ಕೂರಿಸಿದರೆ ಆಯಿತು.

ಪ್ಲಸ್ ಕಡೆಗೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್) ಹಾಕುತ್ತೇನೆ ಅಂದಾಗ ಅಡ್ಡೆಯಲ್ಲಿ ಎಲ್ಲರದೂ ಒಂದೇ ಮಾತು: "ಹೆಡ್‌ಲೈಟ್‌ಗೆ ರಿಲೇ ಹಾಕ್ತಾರ, ವೈಪರ್‌ಗೆ ಯಾರ್ ಹಾಕ್ತಾರ? ಪಾರ್ಕಿಂಗ್ ಹೋಗ್ತೈತಿ." ನಾಲ್ಕು ಕಾಲಿನ ರಿಲೇ ಹಾಕಿದರೆ ಅವರು ಹೇಳಿದ್ದು ಖರೆ. ಪಾರ್ಕಿಂಗ್ ಅಂದರೆ ಆಫ್ ಮಾಡಿದ ಮೇಲೆ ಬ್ಲೇಡ್ ತಾನೇ ಕೆಳಗೆ ಬಂದು ನಿಲ್ಲುವುದು. ಅದು ಹೋದರೆ ಸ್ವಿಚ್ ಆಫ್ ಮಾಡಿದ ಕಡೆಯೇ ಬ್ಲೇಡ್ ನಿಂತುಬಿಡುತ್ತದೆ. ಐದು ಕಾಲಿನದು ತಗೊಳ್ಳಿ. 30ನೇ ಕಾಲು ಮೋಟರಿನ ಸ್ಲೋ ವೈರಿಗೆ. 87, ಬ್ಯಾಟರಿಯಿಂದ 15 ಆಂಪ್ ಫ್ಯೂಸ್ ಹಾಕಿ ಬಂದ ದಪ್ಪ ವೈರಿಗೆ. 87ಎ ಅನ್ನುವ ನಡುವಿನ ಕಾಲು ಮೋಟರಿನಿಂದ ಬರುವ ಪಾರ್ಕಿಂಗ್ ವೈರಿಗೆ. 85 ಅರ್ತ್, 86 ಸ್ವಿಚ್ಚಿನಿಂದ ಬರುವ ಹಳೇ ಸ್ಲೋ ವೈರ್. ಪಾರ್ಕಿಂಗ್ ವೈರ್ ಸ್ವಿಚ್ಚಿಗೆ ಹೋಗುವ ಕಡೆ ಕತ್ತರಿಸಿ ಟೇಪ್ ಸುತ್ತಿಬಿಡಿ, ಇಲ್ಲದಿದ್ದರೆ ರಿಲೇ ಕಟಕಟ ಅನ್ನುತ್ತದೆ. ಈಗ ಆಫ್ ಮಾಡಿದರೆ ರಿಲೇ ಬಿಟ್ಟು 87ಎಗೆ ಬರುತ್ತದೆ, ಮೋಟರ್ ಒಳಗಿನ ಪಾರ್ಕಿಂಗ್ ಪ್ಲೇಟ್ ಅದನ್ನು ಕೆಳಗಿನ ತನಕ ಓಡಿಸಿ ಬ್ರೇಕ್ ಹಾಕಿ ನಿಲ್ಲಿಸುತ್ತದೆ. ಸ್ವಿಚ್ಚಿನ ಮೇಲೆ ಬೀಳುವುದು ರಿಲೇ ಕಾಯಿಲಿನ ಕರೆಂಟ್ ಮಾತ್ರ. ಹಳೇ ಗಾಡಿಯಲ್ಲಿ ವೈರಿನ ಬಣ್ಣ ನೋಡಿ ಕೆಲಸ ಮಾಡಬೇಡಿ. ನನ್ನದರಲ್ಲಿ ಎಷ್ಟು ಎಲೆಕ್ಟ್ರಿಷಿಯನ್ನರ ಕೈ ಆಡಿದೆಯೋ, ಒಂದೇ ವೈರ್ ದಾರಿಯಲ್ಲಿ ಮೂರು ಬಣ್ಣ ಬದಲಿಸುತ್ತದೆ.

ಫಾಸ್ಟ್ ಸ್ಪೀಡಿನಲ್ಲಿ ಒಂದು ಎಡವಟ್ಟು ಇದೆ. ಸ್ವಿಚ್ ಫಾಸ್ಟ್‌ಗೆ ಹಾಕಿದರೆ ಸ್ಲೋ ರಿಲೇ ಬಿಡುತ್ತದೆ, ಸ್ಲೋ ಕಾರ್ಬನ್ ಪಾರ್ಕಿಂಗ್ ವೈರಿಗೆ ಸೇರುತ್ತದೆ. ಪ್ಲೇಟ್ ಒಂದು ಸುತ್ತು ಬಂದಾಗಲೆಲ್ಲ ಆ ವೈರ್ ಅರ್ತ್ ಆಗುತ್ತದೆ. ಓಡುತ್ತಿರುವ ಮೋಟರಿಗೆ ಪ್ರತಿ ಸುತ್ತಿಗೂ ಬ್ರೇಕ್! ಧಡ್ ಧಡ್ ಅಂತ ಒದ್ದಾಡಿ ಫ್ಯೂಸ್ ಹೋಗುತ್ತದೆ. ಒಂದು ಪಾಕೀಟು ಫ್ಯೂಸ್ ಖರ್ಚಾದ ಮೇಲೆ ಇದು ಹೊಳೆಯಿತು. ಫಾಸ್ಟ್ ಹಾಕಿದಾಗ 87ಎ ದಾರಿ ಕಡಿಯಬೇಕು, ಅದಕ್ಕೆ ಇನ್ನೊಂದು ರಿಲೇ ಬೇಕು. ಅದನ್ನು ಎಲ್ಲಿ ಕೂರಿಸುವುದು ಅಂತ ಇಷ್ಟು ಹೇಳಿದ ಮೇಲೆ ನಿಮಗೇ ಹೊಳೆಯಬೇಕು. ತಲೆ ಬಿಸಿ ಬೇಡ ಅನ್ನುವವರು ಫಾಸ್ಟ್ ವೈರ್ ಬಿಚ್ಚಿಡಿ. ನನ್ನ ಗಾಡಿಯಲ್ಲಿ ಈಗಿನ ಸ್ಲೋ ಮೊದಲಿನ ಫಾಸ್ಟ್‌ಗಿಂತ ಚುರುಕಾಗಿದೆ. ಮೋಟರ್ ಹತ್ತಿರ ಈಗ ಹದಿಮೂರರ ಮೇಲೆ ವೋಲ್ಟ್ ಇದೆ.

ಇದರ ನಡುವೆ ಸುಮ್ನೆ ಕೆಲವು ಆಟ ಆಡಿದೆ. ವೈಪರ್ ಕೆಟ್ಟಾಗ ಗಾಜಿಗೆ ತಂಬಾಕು ತಿಕ್ಕುವುದು ನಮ್ಮ ಹಳೇ ಡ್ರೈವರುಗಳ ಮದ್ದು. ನಿಪ್ಪಾಣಿಯ ತಂಬಾಕು ಕೈಗೆ ಸಿಗುವಾಗ ಬಿಡುವುದೇಕೆ? ಒದ್ದೆ ಮಾಡಿ ತಿಕ್ಕಿದರೆ ಹನಿ ಹನಿಯಾಗಿ ನಿಲ್ಲುವ ನೀರು ಹಾಳೆಯಂತೆ ಹರಡಿ ಇಳಿಯುತ್ತದೆ, ಹಗಲಲ್ಲಿ ದಾರಿ ಕಾಣುತ್ತದೆ. ಜೋರು ಮಳೆಯಲ್ಲಿ ಬೇಗ ತೊಳೆದು ಹೋಗುತ್ತದೆ. ಅರ್ಧ ಗಾಜಿಗೆ ತಂಬಾಕು, ಅರ್ಧಕ್ಕೆ ಕೊಯ್ದ ಬಟಾಟಿ ತಿಕ್ಕಿ ನೋಡಿದೆ. ಬಟಾಟಿ ಸ್ವಲ್ಪ ಜಾಸ್ತಿ ಹೊತ್ತು ನಿಂತಿತು, ಆದರೆ ಮಳೆ ಬಿಟ್ಟರೆ ಒಣಗಿ ಬಿಳಿ ಪೊರೆ ಕಟ್ಟುತ್ತದೆ. ತಂಬಾಕಿಗೆ ನನ್ನ ಮತ. ಸೈಕಲ್ ಟ್ಯೂಬ್ ಕತ್ತರಿಸಿ ಬ್ಲೇಡಿಗೆ ಹಾಕಿದ್ದು ಮಾತ್ರ ಪೂರ್ತಿ ಫೇಲ್, ಗಾಜಿನ ಮೇಲೆ ಗೀರು ಗೀರು ನೀರು ಬಿಟ್ಟಿತು. ಬ್ಲೇಡ್ ರಬ್ಬರನ್ನು ಡೀಸೆಲ್ ಬಟ್ಟೆಯಲ್ಲಿ ಒರೆಸುವವರು ದಯವಿಟ್ಟು ನಿಲ್ಲಿಸಿ, ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಪಾತ್ರೆ ತೊಳೆಯುವ ಸೋಪಿನ ನೀರು ಸಾಕು, ಗಾಜಿಗೂ ಅದೇ.

ಬ್ಲೇಡ್ ಹೋಗುವಾಗ ಸದ್ದಿಲ್ಲದೆ ಹೋಗಿ ಬರುವಾಗ ಕರಕರ ಅಂತ ಕುಣಿದರೆ ಹೊಸ ಬ್ಲೇಡ್ ತರಬೇಡಿ. ಆರ್ಮ್ ತಿರುಚಿರುತ್ತದೆ. ಬ್ಲೇಡ್ ಗಾಜಿಗೆ ನೆಟ್ಟಗೆ ನಿಲ್ಲುವ ತನಕ ಎರಡು ಪಾನಾ ಹಿಡಿದು ಆರ್ಮಿನ ತುದಿಯನ್ನು ಸ್ವಲ್ಪ ಸ್ವಲ್ಪವೇ ತಿರುಚಿ. ಗಾಜಿನ ಮೇಲೆ ಮಾಡಬೇಡಿ, ಆರ್ಮ್ ಎತ್ತಿ ಹಿಡಿದು ಮಾಡಿ.

ಲೆಕ್ಕ ನೆನಪಿನಿಂದ ಹೇಳುವುದಾದರೆ: ಟರ್ನರ್ ಆರುನೂರು, ಕಾರ್ಬನ್ ನೂರರ ಒಳಗೆ, ರಿಲೇ ಸಾಕೆಟ್ ಸಮೇತ ಮುನ್ನೂರು, ವೈರ್ ಫ್ಯೂಸ್ ಇನ್ನೂರು, ಲಿಂಕ್ ಬುಷ್ ಮತ್ತು ಬ್ಲೇಡ್ ಸೇರಿ ನಾನೂರರ ಹತ್ತಿರ. ಸಾವಿರದ ಆರುನೂರರಲ್ಲಿ ಮುಗಿಯಿತು. "ಪೂರ್ತಿ ಸೆಟ್ಟೇ ಬದಲಿಸ್ರೀ" ಅಂದ ಗ್ಯಾರೇಜಿನವರು ಕೇಳಿದ್ದು ಐದು ಸಾವಿರ. ಮೊದಲು ನಕ್ಕವರಲ್ಲಿ ಇಬ್ಬರು ಈಗ ತಮ್ಮ ಗಾಡಿ ತಂದು ನಮ್ಮ ಮನೆ ಮುಂದೆ ಹಚ್ಚಿದ್ದಾರೆ. ಅದರಲ್ಲಿ ಒಂದಕ್ಕೆ ಎರಡು ಬ್ಯಾಟರಿ, 24 ವೋಲ್ಟಿನದು. ಅಂಥ ದೊಡ್ಡ ಗಾಡಿಯವರು ಅಂಗಡಿಯಲ್ಲಿ 24ರ ರಿಲೇ ಅಂತಲೇ ಕೇಳಿ ತಗೊಳ್ಳಿ. 12ರದ್ದು ಹಾಕಿದರೆ ಕೂಡಲೇ ಕೆಲಸ ಮಾಡುತ್ತದೆ, ಆದರೆ ಕಾಯಿಲ್ ಬಿಸಿಯಾಗಿ ಸುಟ್ಟು ಹೋಗುತ್ತದೆ. ವೈರಿಂಗ್ ಮಿಕ್ಕಿದ್ದೆಲ್ಲ ಹೀಗೇ.